ಟಾರ್ಕಿನ ಸಮತಟ್ಟು ಗೆರೆ

ಟರ್ಬೊ ಎಂಜಿನ್ನಿಗೆ ಬಲ ತುಂಬುವುದು ಅಷ್ಟೇನೂ ಕಷ್ಟವಲ್ಲ. ಆ ಬಲ ಎಷ್ಟು ಬೇಗ ಬರಬೇಕು, ಬಂದದ್ದು ಎಲ್ಲಿಯವರೆಗೆ ಒಂದೇ ಸಮನಾಗಿ ನಿಲ್ಲಬೇಕು ಎಂದು ಗೊತ್ತುಮಾಡುವುದೇ ಕಷ್ಟ. ಪ್ರತಿ ವೇಗದಲ್ಲೂ ಎಂಜಿನ್ನಿನ ತಿರುಗುಬಲ ತೋರಿಸುವ ಟಾರ್ಕಿನ ಗೆರೆಯನ್ನು ಚೂಪಾಗಿ ಎಬ್ಬಿಸುವ ಟ್ಯೂನರ್‌ಗಿಂತ, ಅದನ್ನು ಬೇಗ ಮೇಲಕ್ಕೆ ತಂದು, ಅಲ್ಲಿಂದ ಉದ್ದಕ್ಕೆ ಸಮವಾಗಿ ಎಳೆಯುವವರ ಮೇಲೆ ನನಗೆ ಹೆಚ್ಚು ಗೌರವ.

ಟರ್ಬೊದ ಸ್ವಭಾವವೇ ಸಮತಟ್ಟಿಗೆ ವಿರುದ್ಧವಾದದ್ದು. ಸಿಲಿಂಡರಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಚಕ್ರವನ್ನು ಗಿರಿಗಿಟ್ಲೆಯಂತೆ ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಎಂಜಿನ್ ನಿಧಾನವಾಗಿದ್ದಾಗ ಹೊಗೆ ಕಡಿಮೆ, ಚಕ್ರ ಸೋಮಾರಿ. ವೇಗ ಹೆಚ್ಚಿದರೆ ಹೊಗೆ ಹೆಚ್ಚು, ಗಾಳಿ ಹೆಚ್ಚು, ಪೆಟ್ರೋಲ್ ಹೆಚ್ಚು, ಮತ್ತೆ ಹೊಗೆ ಇನ್ನೂ ಹೆಚ್ಚು. ಅದರ ಪಾಡಿಗೆ ಬಿಟ್ಟರೆ ಕೆಳಗೆ ಏನೂ ಇಲ್ಲ, ಮೇಲೆ ಒಮ್ಮೆಲೇ ಎಲ್ಲ.

1973ರ ಬಿಎಂಡಬ್ಲ್ಯು 2002 ಟರ್ಬೊ ಹಾಗೇ ಇತ್ತು. 170 ಅಶ್ವಶಕ್ತಿಯ ಆ ಕಾರಿನ ಗರಿಷ್ಠ ಟಾರ್ಕ್ ಸಿಗುತ್ತಿದ್ದದ್ದು 4000 ಆರ್‌ಪಿಎಂನಲ್ಲಿ. ನಾಲ್ಕೈದು ವರ್ಷಗಳಲ್ಲಿ ಸ್ವೀಡನ್ನಿನ ಸಾಬ್ ಕಂಪನಿಯಿಂದ 99 ಟರ್ಬೊ ಬಂತು. ಅದರ ಶಕ್ತಿ 145 ಮಾತ್ರ. ಆದರೆ ಬಿಎಂಡಬ್ಲ್ಯುಗೆ ಹತ್ತಿರಹತ್ತಿರ ಸಮನಾದ ಟಾರ್ಕ್ 3000ಕ್ಕೇ ಕೈಗೆ ಸಿಗುತ್ತಿತ್ತು. ಇದರ ಹಿಂದಿದ್ದವರು ಎಂಜಿನಿಯರ್ ಪೇರ್ ಗಿಲ್‌ಬ್ರಾಂಡ್. ಸಾಬ್ ಆಗ ಲಾರಿ ತಯಾರಕ ಸ್ಕ್ಯಾನಿಯಾದ ಜೊತೆ ಒಂದೇ ಸಂಸ್ಥೆಯಾಗಿತ್ತು. ಸ್ಕ್ಯಾನಿಯಾ 1969ರಲ್ಲೇ 14 ಲೀಟರಿನ ಟರ್ಬೊ ವಿ8 ಡೀಸೆಲ್ ತಂದಿತ್ತು. ಭಾರ ಹೊತ್ತು ಏರು ಹತ್ತುವ ಲಾರಿಗೆ ಕೆಳವೇಗದ ಬಲವೇ ಪ್ರಾಣ. ದಿನನಿತ್ಯ ಓಡಿಸುವ ಕಾರಿಗೂ ಅದೇ ಬೇಕೆಂದು ಕಂಡುಕೊಂಡದ್ದು ಗಿಲ್‌ಬ್ರಾಂಡ್ ಅವರ ದೊಡ್ಡತನ. ಅವರು ಸಣ್ಣ ಟರ್ಬೊ ಹಾಕಿದರು, ಅದು ಬೇಗ ತಿರುಗಿಕೊಳ್ಳುತ್ತದೆ. ಅದು ಅತಿಯಾಗದಂತೆ ವೇಸ್ಟ್‌ಗೇಟ್ ಇಟ್ಟರು: ಒತ್ತಡ ಗೊತ್ತಾದ ಮಟ್ಟ ಮುಟ್ಟಿದೊಡನೆ ತೆರೆದು, ಮಿಕ್ಕ ಹೊಗೆಯನ್ನು ಚಕ್ರಕ್ಕೆ ತಾಗಿಸದೆ ಹೊರಗೆ ಬಿಡುವ ಬಾಗಿಲು.

ಇಂದು ಆ ಬಾಗಿಲನ್ನು ಆಳುವುದು ಕಂಪ್ಯೂಟರ್. ಟ್ಯೂನರ್ ಮುಂದಿರುವುದು ಕೋಷ್ಟಕಗಳು: ಇಷ್ಟು ಆರ್‌ಪಿಎಂಗೆ ಇಷ್ಟು ಒತ್ತಡ, ಕಿಡಿ ಹೊತ್ತಬೇಕಾದ್ದು ಪಿಸ್ಟನ್ ತುದಿ ಮುಟ್ಟುವುದಕ್ಕೆ ಇಷ್ಟು ಡಿಗ್ರಿ ಮೊದಲು. ಕಾರನ್ನು ಟಾರ್ಕ್ ಅಳೆಯುವ ಡೈನೊ ಮೇಲೆ ಕಟ್ಟಿ, ಒಂದು ವೇಗದಲ್ಲಿ ಹಿಡಿದು, ಕಿಡಿಯನ್ನು ಒಂದೊಂದೇ ಡಿಗ್ರಿ ಮುಂದಕ್ಕೆ ತರುತ್ತಾರೆ. ಟಾರ್ಕ್ ಹೆಚ್ಚುವುದು ನಿಂತರೆ, ಅಥವಾ ಇಂಧನ ಹತೋಟಿ ತಪ್ಪಿ ಸಿಡಿಯುವ ನಾಕಿಂಗ್‌ನ ಸುಳಿವು ಸಿಕ್ಕರೆ, ಹಿಂದೆ ಸರಿಯುತ್ತಾರೆ. ಆಮೇಲೆ ಮುಂದಿನ ಮನೆ. ಬೇಸರ ಬರಿಸುವಷ್ಟು ನಿಧಾನದ ಕೆಲಸ, ಆದರೆ ಅಡ್ಡದಾರಿ ಇಲ್ಲ.

ಗೆರೆ ಏರಿ ಸಮತಟ್ಟಿಗೆ ಹೊರಳುವ ಎಡಗಡೆಯ ಭುಜದಲ್ಲೇ ಕೈಚಳಕವೆಲ್ಲ ಕಾಣುವುದು. ವೇಗ ಪಡೆಯುತ್ತಿರುವ ಟರ್ಬೊ ಹೇಳಿದಲ್ಲಿ ನಿಲ್ಲುವುದಿಲ್ಲ, ಗುರಿ ದಾಟಿ ಜಿಗಿಯುತ್ತದೆ. ಅದಕ್ಕೇ ಒತ್ತಡ ಗುರಿ ಮುಟ್ಟುವ ತುಸು ಮೊದಲೇ ಬಾಗಿಲು ಸಡಿಲವಾಗಬೇಕು. ತೀರಾ ಮೊದಲಾದರೆ ಪಿಕಪ್ ಸತ್ತಂತೆ, ತಡವಾದರೆ ಕಾರು ಮುಗ್ಗರಿಸಿದಂತೆ. ಇಲ್ಲಿ ಆಸೆ ಹೆಚ್ಚಾದರೆ ಎಂಜಿನ್ನಿಗೇ ಕುತ್ತು: 1500ರ ಆಸುಪಾಸಿನಲ್ಲಿ ಅತಿ ಒತ್ತಡ ತುಂಬಿದರೆ, ಎಣ್ಣೆಯ ಹನಿಯಂಥದೇನಾದರೂ ಕಿಡಿಗೂ ಮೊದಲೇ ಹೊತ್ತಿಕೊಂಡು ಪಿಸ್ಟನ್ ಸೀಳಬಹುದು. ಒಳ್ಳೆಯ ಟ್ಯೂನರ್ ಈ ಭುಜವನ್ನು ಬೇಕೆಂದೇ ಸ್ವಲ್ಪ ದುಂಡಗೆ ಬಿಡುತ್ತಾರೆ.

ನಡುವೆ ಕೆಲಸವೆಂದರೆ ತಡೆಹಿಡಿಯುವುದು. 3000ದಲ್ಲಿ ಎಂಜಿನ್ ಇನ್ನೂ ಕೊಡಬಲ್ಲದು, ಕೊಡಗೊಡುವುದಿಲ್ಲ. ಬಲತುದಿಯಲ್ಲಿ ಸಣ್ಣ ಟರ್ಬೊ ಸುಸ್ತಾಗುತ್ತದೆ; ಹೊಗೆಗೆ ಹೊರದಾರಿ ಇಕ್ಕಟ್ಟಾಗಿ ಬಿಸಿ ಏರುತ್ತದೆ. ಅಲ್ಲಿ ಗೆರೆಯನ್ನು ಹಟ ಹಿಡಿದು ಎತ್ತಿಹಿಡಿಯದೆ ಇಳಿಯಬಿಡುವುದೇ ಸರಿ.

ನಾಕಿಂಗ್ ಬಗ್ಗೆಯೂ ಸಾಬ್ ಮಾಡಿದ ಕೆಲಸ ಅಪೂರ್ವ. 1980ರ ದಶಕದ ಆರಂಭದಲ್ಲಿ ಬಂದ ಎಪಿಸಿ ವ್ಯವಸ್ಥೆಯಲ್ಲಿ ಎಂಜಿನ್ ಬ್ಲಾಕಿಗೆ ಅಂಟಿಸಿದ ಸೆನ್ಸರ್ ನಾಕಿಂಗ್ ಸದ್ದಿಗೆ ಕಿವಿಗೊಟ್ಟು, ಕೇಳಿದೊಡನೆ ಒತ್ತಡ ಇಳಿಸುತ್ತಿತ್ತು. ಮುಂದೆ ಸಾಬ್‌ನದೇ ಟ್ರಯೊನಿಕ್ ವ್ಯವಸ್ಥೆ ಬಂದಾಗ ಸ್ಪಾರ್ಕ್ ಪ್ಲಗ್ಗೇ ಸೆನ್ಸರ್ ಆಯಿತು: ಕಿಡಿ ಹಾರಿಸಿದ ಮೇಲೆ ಅದೇ ಸಂದಿಯಲ್ಲಿ ಸಣ್ಣ ವಿದ್ಯುತ್ ಹರಿಸಿ, ಒಳಗೆ ಬೆಂಕಿ ಹೇಗೆ ಉರಿಯಿತೆಂದು ಅಳೆಯುವುದು. ಇಷ್ಟು ಸೊಗಸಾದ ಯುಕ್ತಿ ಎಂಜಿನ್ ವಿದ್ಯೆಯಲ್ಲಿ ಹೆಚ್ಚಿಲ್ಲ.

ಸಮತಟ್ಟು ಗೆರೆಯ ಫಲ ತಿಳಿಯಲು ಫೋಕ್ಸ್‌ವ್ಯಾಗನ್ ಬಳಗದ 1.8 ಲೀಟರಿನ ಟರ್ಬೊ ನೋಡಿ. 150 ಅಶ್ವಶಕ್ತಿಯ ಆ ಎಂಜಿನ್ 1750ರಿಂದ 4600ರವರೆಗೆ ಅದೇ 210 ನ್ಯೂಟನ್ ಮೀಟರ್ ಕೊಡುತ್ತದೆ. ಟಾರ್ಕ್ ಸ್ಥಿರವಾದ್ದರಿಂದ ಶಕ್ತಿ ವೇಗದ ಜೊತೆಗೇ ನೇರವಾಗಿ ಏರುತ್ತದೆ, 38 ಕಿಲೋವ್ಯಾಟಿನಿಂದ 101ಕ್ಕೆ. ಆಗುಂಬೆಯ ತಿರುವಿನಲ್ಲಿ ವೇಗ ತಗ್ಗಿ ಎಂಜಿನ್ 2000ಕ್ಕೆ ಇಳಿದಾಗ, ಇಂಥ ಕಾರು ಗೇರ್ ಬದಲಿಸದೆಯೇ ಆಕ್ಸಿಲರೇಟರ್ ಒತ್ತಿದಷ್ಟೇ ಎಳೆಯುತ್ತದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.