ಕೊಲೊನೋಸ್ಕೋಪಿಗೆ ಯಾವ ಮಂಪರು ಮದ್ದು?

ಮೊನ್ನೆ ಅಪ್ಪನನ್ನ ಅರಕಲಗೂಡಿನಿಂದ ಹಾಸನಕ್ಕೆ ಕೊಲೊನೋಸ್ಕೋಪಿಗೆ ಕರ್ಕೊಂಡು ಹೋಗಿದ್ದೆ. ಕೊಳವೆ ಕ್ಯಾಮೆರಾದಲ್ಲಿ ದೊಡ್ಡ ಕರುಳು ನೋಡೋ ಪರೀಕ್ಷೆ ಅದು. ಮುಗಿದ ಮೇಲೆ ಡಾಕ್ಟರ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿದ ಅಪ್ಪ, ಮನೆಗೆ ಬಂದು ಕೇಳಿದ್ರು: "ಡಾಕ್ಟರ್ ಏನೂ ಹೇಳ್ಲೇ ಇಲ್ವಲ್ಲ?"

ಅದು ಮಿಡಜೋಲಮ್ ಕೆಲಸ. ಆತಂಕ ಇಳಿಸುತ್ತೆ, ಆ ಹೊತ್ತಿನ ನೆನಪನ್ನೂ ಅಳಿಸುತ್ತೆ. ನೋವಿಗೆ ಜೊತೆಗೆ ಫೆಂಟನಿಲ್ ಕೊಡೋದುಂಟು. ರೋಗಿ ಅರೆನಿದ್ದೆಯಲ್ಲಿರ್ತಾರೆ, ಕರೆದ್ರೆ ಓಗೊಡ್ತಾರೆ. ಡೋಸ್ ಹೆಚ್ಚಾದ್ರೆ ಎರಡಕ್ಕೂ ಪ್ರತಿಮದ್ದಿದೆ: ಫ್ಲೂಮಜೆನಿಲ್, ನಲಾಕ್ಸೋನ್.

ಇನ್ನೊಂದು ಪ್ರೊಪೊಫಾಲ್. ಹಾಲಿನ ಹಾಗೆ ಬಿಳಿ. ನಿಮಿಷದೊಳಗೆ ನಿದ್ದೆ, ನಿಲ್ಲಿಸಿದ ಕೆಲವೇ ನಿಮಿಷಕ್ಕೆ ಎಚ್ಚರ. ಆದರೆ ಇದಕ್ಕೆ ಪ್ರತಿಮದ್ದಿಲ್ಲ. ಉಸಿರು, ಬಿಪಿ ಕುಸೀಬಹುದು. 2009ರಲ್ಲಿ ಮೈಕಲ್ ಜಾಕ್ಸನ್ ಸಾವಿಗೆ ಮುಖ್ಯ ಕಾರಣ ಇದೇ ಮದ್ದು. ಕೊಟ್ಟಿದ್ದು ಮನೆಯಲ್ಲಿ, ಸರಿಯಾದ ನಿಗಾ ಇಲ್ಲದೆ. ಹಾಗಾಗಿ ಬಿಲ್‌ನಲ್ಲಿ ಅರಿವಳಿಕೆ ತಜ್ಞರ ಫೀ ಕಂಡಾಗ, ನಾನೂ ಬಿಕಾಂ ಓದಿದವನೇ, ಅದನ್ನ ದಂಡದ ಖರ್ಚು ಅನ್ಬೇಡಿ. ನಿಮ್ಮ ಉಸಿರು ಕಾಯೋದು ಅವರೇ.

ಮದ್ದಿಲ್ಲದೆಯೂ ಕೆಲವರು ಮಾಡಿಸ್ಕೋತಾರೆ. ಹೊಟ್ಟೆ ಉಬ್ಬರ, ಹಿಂಡೋ ನೋವು ತಡ್ಕೋಬೇಕು. ಮಂಪರಿನ ಕಾಟ ಇರಲ್ಲ.

ಯಾವುದು ಸರಿ ಅನ್ನೋದು ವಯಸ್ಸು, ಹೃದಯ, ಗೊರಕೆ, ಈಗ ನುಂಗ್ತಿರೋ ಮಾತ್ರೆ ಮೇಲೆ ನಿಲ್ಲುತ್ತೆ. ಎಲ್ಲಾನೂ ಮೊದಲೇ ಹೇಳಿ.

ಹೊಳೆನರಸೀಪುರ, ಚನ್ನರಾಯಪಟ್ಟಣದಿಂದ ಬೈಕಲ್ಲಿ ಒಬ್ಬರೇ ಹಾಸನಕ್ಕೆ ಹೊರಡೋರೇ, ಮಂಪರು ಮದ್ದು ತಗೊಂಡ್ರೆ 24 ಗಂಟೆ ಗಾಡಿ ಮುಟ್ಬೇಡಿ, ಯಾವ ಪತ್ರಕ್ಕೂ ಸೈನ್ ಹಾಕ್ಬೇಡಿ. ಜೊತೆಗೊಬ್ಬರಿರಲಿ. ಡಾಕ್ಟರ್ ಮಾತು ನೆನಪಿಟ್ಕೊಳ್ಳೋದು ಅವರ ಕೆಲಸ.