ಬಹುಕಾಲ ನಿಂತ ಕಾರು

ಮಲೆನಾಡಿನ ಮಿತ್ರರೊಬ್ಬರ ಮನೆಯಲ್ಲಿ, ದನಗಳಿಲ್ಲದೆ ತೆರವಾಗಿದ್ದ ಕೊಟ್ಟಿಗೆಯೊಳಗೆ, ಹಳೆಯ ಕಾರೊಂದು ನಾಲ್ಕು ಮಳೆಗಾಲಗಳನ್ನು ನಿಂತಲ್ಲಿಯೇ ಕಳೆಯಿತು. ಅದನ್ನು ಓಡಿಸುತ್ತಿದ್ದವರು ಮಿತ್ರರ ತಂದೆ. ೨೦೧೯ರ ಬೇಸಗೆಯಲ್ಲಿ ಅವರು ತೀರಿಕೊಂಡ ಮೇಲೆ ಅದನ್ನು ಮುಟ್ಟಿದವರಿರಲಿಲ್ಲ. ೨೦೨೩ರ ಬೇಸಗೆಯ ರಜೆಯಲ್ಲಿ ಮಿತ್ರರಿಗೆ ಅದನ್ನು ಮತ್ತೆ ರಸ್ತೆಗಿಳಿಸುವ ಮನಸ್ಸಾಯಿತು. ಭೌತವಿಜ್ಞಾನ ಕಲಿಸುವವರಿಗೆ ಯಂತ್ರಗಳ ಗುಟ್ಟೆಲ್ಲ ತಿಳಿದಿರುತ್ತದೆಂಬ ನಂಬಿಕೆಯಿಂದ ನಮ್ಮನ್ನೂ ಕರೆಸಿಕೊಂಡರು.

ಹೊಸ ಬ್ಯಾಟರಿಯನ್ನು ಕೂರಿಸಿದೆವು. ಟ್ಯಾಂಕಿನಲ್ಲಿ ಕಾಲು ಭಾಗದಷ್ಟು ಪೆಟ್ರೋಲು ಉಳಿದಿತ್ತು. ಅದೇ ಸಾಕೆಂದುಕೊಂಡು ಕೀಲಿ ತಿರುಗಿಸಿದೆವು. ಎಂಜಿನು ಎರಡು ಸಲ ಕೆಮ್ಮಿತು, ಅರ್ಧ ನಿಮಿಷ ತಡವರಿಸುತ್ತ ಓಡಿತು, ನಿಂತಿತು. ಆಮೇಲೆ ಎಷ್ಟು ತಿರುಗಿಸಿದರೂ ಉಸಿರೆತ್ತಲಿಲ್ಲ. ಯಾವುದನ್ನು ಎಲ್ಲಕ್ಕಿಂತ ಕಡೆಯಲ್ಲಿ ಮಾಡಬೇಕೋ ಅದನ್ನೇ ನಾವು ಎಲ್ಲಕ್ಕಿಂತ ಮೊದಲು ಮಾಡಿದ್ದೆವು. ಇದು ತಪ್ಪೇಕೆ, ಸರಿಯಾದ ಕ್ರಮ ಯಾವುದು, ಆ ಕ್ರಮಕ್ಕೆ ಆಧಾರವಾದ ತತ್ತ್ವಗಳೇನು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಇಂಧನದ ಹಾದಿ

ಹಳೆಯ ಕಾರುಗಳಲ್ಲಿ ಪೆಟ್ರೋಲಿನ ಪ್ರಯಾಣ ಹಿಂಬದಿಯ ಟ್ಯಾಂಕಿನಿಂದ ಪ್ರಾರಂಭವಾಗುತ್ತದೆ. ಅಲ್ಲಿಂದ ಅದು ಕಿರಿದಾದ ಲೋಹದ ಕೊಳವೆಯಲ್ಲಿ ಹರಿದು, ಕಸವನ್ನು ತಡೆಯುವ ಫಿಲ್ಟರನ್ನು ದಾಟಿ, ಪಂಪನ್ನು ಸೇರುತ್ತದೆ. ಪಂಪಿನೊಳಗೆ ರಬ್ಬರು ಲೇಪಿಸಿದ ಪೊರೆಯೊಂದಿದೆ. ಎಂಜಿನು ತಿರುಗಿದಂತೆಲ್ಲ ಪೊರೆ ಮೇಲೆ ಕೆಳಗೆ ಆಡಿ, ಪೆಟ್ರೋಲನ್ನು ಸೆಳೆದು ಕಾರ್ಬುರೇಟರಿಗೆ ದೂಡುತ್ತದೆ. ಕಾರ್ಬುರೇಟರಿನಲ್ಲಿ ಪುಟ್ಟ ಕೋಣೆಯೊಂದಿದ್ದು, ಅದರೊಳಗಿನ ತೇಲುಬುರುಡೆ ಪೆಟ್ರೋಲಿನ ಮಟ್ಟವನ್ನು ಒಂದೇ ಸಮನಾಗಿ ಕಾಯುತ್ತದೆ. ಎಂಜಿನು ಎಳೆದುಕೊಳ್ಳುವ ಗಾಳಿ ಇಕ್ಕಟ್ಟಾದ ಕಂಠದಲ್ಲಿ ವೇಗವಾಗಿ ನುಗ್ಗುವಾಗ ಅಲ್ಲಿಯ ಒತ್ತಡ ಕುಗ್ಗುತ್ತದೆ. ಬರ್ನೂಲಿಯ ನಿಯಮವನ್ನು ಓದಿದ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಒತ್ತಡ ಕುಗ್ಗಿದೊಡನೆ, ಜೆಟ್ ಎಂಬ ಹಿತ್ತಾಳೆಯ ಸಣ್ಣ ರಂಧ್ರದ ಮೂಲಕ ಪೆಟ್ರೋಲು ಮೇಲೆದ್ದು ಗಾಳಿಯಲ್ಲಿ ತುಂತುರಾಗಿ ಬೆರೆಯುತ್ತದೆ.

ಪೆಟ್ರೋಲು ಹಳಸುವ ಬಗೆ

ಮುಚ್ಚಿದ ಟ್ಯಾಂಕಿನಲ್ಲಿರುವ ಪೆಟ್ರೋಲು ಹಾಕಿದಂತೆಯೇ ಇರುತ್ತದೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಅದರಲ್ಲಿ ಮೂರು ಬಗೆಯ ಬದಲಾವಣೆಗಳು ಸದ್ದಿಲ್ಲದೆ ನಡೆಯುತ್ತಿರುತ್ತವೆ.

ಮೊದಲನೆಯದು ಆವಿಯಾಗುವಿಕೆ. ಪೆಟ್ರೋಲು ಒಂದೇ ವಸ್ತುವಲ್ಲ. ಅಣುವೊಂದರಲ್ಲಿ ನಾಲ್ಕರಿಂದ ಹನ್ನೆರಡರವರೆಗೆ ಇಂಗಾಲದ ಪರಮಾಣುಗಳುಳ್ಳ ನೂರಾರು ಹೈಡ್ರೊಕಾರ್ಬನ್ನುಗಳ ಮಿಶ್ರಣ. ಇವುಗಳಲ್ಲಿ ಹಗುರವಾದವು ಸುಮಾರು ೩೫ ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಕುದಿಯುತ್ತವೆ. ಭಾರವಾದವುಗಳಿಗೆ ೨೦೦ ಡಿಗ್ರಿಯಷ್ಟು ಉಷ್ಣತೆ ಬೇಕು. ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಬಟ್ಟಲನ್ನು ತೆರೆದಿಟ್ಟರೆ ಕೆಲವು ದಿನಗಳಲ್ಲಿ ಕರ್ಪೂರ ಹಾರಿಹೋಗಿ ಎಣ್ಣೆ ಮಾತ್ರ ಉಳಿಯುವುದಿಲ್ಲವೆ? ಹಾಗೆಯೇ ಪೆಟ್ರೋಲಿನ ಹಗುರ ಭಾಗಗಳು ಮೊದಲು ತೊಲಗುತ್ತವೆ. ತಣ್ಣಗಿರುವ ಎಂಜಿನಿನಲ್ಲಿ ಮೊದಲ ಕಿಡಿಗೆ ಹೊತ್ತಿಕೊಳ್ಳಬೇಕಾದವು ಇವೇ ಆದುದರಿಂದ, ಇವು ಹೋದ ಮೇಲೆ ಎಂಜಿನನ್ನು ಎಬ್ಬಿಸುವುದು ಕಷ್ಟ.

ಎರಡನೆಯದು ಆಮ್ಲಜನಕದೊಡನೆ ನಡೆಯುವ ಕ್ರಿಯೆ. ಬಡಗಿಗಳು ಮರಕ್ಕೆ ಅಗಸೆ ಎಣ್ಣೆ ಬಳಿಯುವುದನ್ನು ವಾಚಕರು ನೋಡಿರಬಹುದು. ಆ ಎಣ್ಣೆ 'ಒಣಗುವುದು' ಆವಿಯಾಗಿ ಅಲ್ಲ. ಅದರ ಅಣುಗಳಲ್ಲಿರುವ ದ್ವಿಬಂಧಗಳು ಗಾಳಿಯ ಆಮ್ಲಜನಕದೊಡನೆ ಕೂಡಿ, ಅಣುವಿಗೆ ಅಣು ಬೆಸೆದುಕೊಂಡು ಗಟ್ಟಿಯಾದ ಪದರವಾಗುತ್ತದೆ. ಪೆಟ್ರೋಲಿನಲ್ಲಿಯೂ ದ್ವಿಬಂಧಗಳುಳ್ಳ ಅಣುಗಳಿವೆ. ಅವು ಮೊದಲು ಪೆರಾಕ್ಸೈಡುಗಳಾಗಿ, ಬಳಿಕ ಒಂದಕ್ಕೊಂದು ಹೆಣೆದುಕೊಂಡು ಅಂಟಾದ ಗೋಂದಾಗುತ್ತವೆ. ತಾಮ್ರದ ಸಂಪರ್ಕ ಈ ಕ್ರಿಯೆಯನ್ನು ತ್ವರೆಗೊಳಿಸುತ್ತದೆ. ಇದನ್ನು ತಡೆಯಲೆಂದು ಪೆಟ್ರೋಲಿಗೆ ಉತ್ಕರ್ಷಣರೋಧಕಗಳನ್ನು ಬೆರೆಸುತ್ತಾರಾದರೂ ಅವು ವಿಳಂಬಗೊಳಿಸುತ್ತವೆಯೇ ಹೊರತು ಶಾಶ್ವತವಾಗಿ ತಡೆಯಲಾರವು. ಹಳಸಿದ ಪೆಟ್ರೋಲಿಗೆ ವಾರ್ನಿಷಿನ ವಾಸನೆ ಬರುವುದು ಆಕಸ್ಮಿಕವಲ್ಲ.

ಮೂರನೆಯದು ನೀರು. ಟ್ಯಾಂಕು ಉಸಿರಾಡುತ್ತದೆ. ೪೦ ಲೀಟರಿನ ಟ್ಯಾಂಕಿನಲ್ಲಿ ೧೦ ಲೀಟರು ಪೆಟ್ರೋಲು, ೩೦ ಲೀಟರು ಗಾಳಿಯಿದೆ ಎನ್ನೋಣ. ಹಗಲಿಗೂ ಇರುಳಿಗೂ ೧೫ ಡಿಗ್ರಿ ಅಂತರವಿದ್ದರೆ, ಅನಿಲ ನಿಯಮದ ಪ್ರಕಾರ ಪ್ರತಿರಾತ್ರಿ ಸುಮಾರು ಒಂದೂವರೆ ಲೀಟರು ಹೊರಗಿನ ಗಾಳಿ ಒಳಬರುತ್ತದೆ. ೨೦ ಡಿಗ್ರಿಯಲ್ಲಿ ತೇವದಿಂದ ತುಂಬಿದ ಒಂದು ಘನ ಮೀಟರು ಗಾಳಿಯಲ್ಲಿ ೧೭ ಗ್ರಾಂ ನೀರಾವಿಯಿರುತ್ತದೆ. ಅಂದರೆ ರಾತ್ರಿಯೊಂದಕ್ಕೆ ಒಳಬರುವ ನೀರು ಗ್ರಾಮಿನ ನಲವತ್ತನೆಯ ಒಂದು ಪಾಲು. ಒಂದಿಷ್ಟೂ ಹೊರಹೋಗದೆ ಉಳಿದರೂ ನೂರು ರಾತ್ರಿಗಳಲ್ಲಿ ಎರಡೂವರೆ ಗ್ರಾಂ. ಇದು ಅಲ್ಪವೆಂದು ತೋರಬಹುದು. ಆದರೆ ನೀರು ಪೆಟ್ರೋಲಿಗಿಂತ ಭಾರ. ಒಳಗೆ ಹನಿಗಟ್ಟಿದ್ದೆಲ್ಲ ಟ್ಯಾಂಕಿನ ತಗ್ಗಿನಲ್ಲಿ ಒಂದೇ ಕಡೆ ಸೇರುತ್ತದೆ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಕೂಡಿದ ಮೇಲೆ ತುಕ್ಕು ಹುಟ್ಟಲು ಇನ್ನೇನು ಬೇಕು?

ಇಂದಿನ ಪೆಟ್ರೋಲಿನಲ್ಲಿ ಈ ಪ್ರಶ್ನೆ ಇನ್ನೂ ತೊಡಕಾಗಿದೆ. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಎಂಬ ಮದ್ಯಸಾರವನ್ನು ಬೆರೆಸುವ ಕಾರ್ಯಕ್ರಮ ೨೦೦೩ರಲ್ಲಿ ಶೇಕಡ ೫ರ ಪ್ರಮಾಣದಿಂದ ಆರಂಭವಾಯಿತು. ೨೦೨೨ರಲ್ಲಿ ಅದು ಶೇಕಡ ೧೦ನ್ನೂ, ೨೦೨೫ರಲ್ಲಿ ಶೇಕಡ ೨೦ನ್ನೂ ಮುಟ್ಟಿತು. ಎಥನಾಲ್ ನೀರನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಅದಕ್ಕೂ ಒಂದು ಮಿತಿಯುಂಟು. ಶೇಕಡ ೧೦ ಎಥನಾಲ್ ಇರುವ ಪೆಟ್ರೋಲು ೧೫ ಡಿಗ್ರಿಯಲ್ಲಿ ಹಿಡಿದಿಡಬಲ್ಲ ನೀರು ಶೇಕಡ ಅರ್ಧದಷ್ಟು ಮಾತ್ರ. ಮಿತಿ ಮೀರಿದರೆ ನೀರೂ ಎಥನಾಲೂ ಜೊತೆಗೂಡಿ ಪೆಟ್ರೋಲನ್ನು ಬಿಟ್ಟು ತಳಕ್ಕಿಳಿಯುತ್ತವೆ. ಪಂಪು ಮೊದಲು ಸೆಳೆಯುವುದು ಈ ತಳದ ಪದರವನ್ನೇ.

ಕಾಗದದಷ್ಟು ದಪ್ಪ

ನಮ್ಮ ಕಾರಿನ ಜೆಟ್ಟನ್ನು ಬಿಚ್ಚಿ, ಕಾಲೇಜಿಗೆ ತಂದು, ಲೋಮನಾಳಗಳ ವ್ಯಾಸವನ್ನು ಅಳೆಯಲು ವಿದ್ಯಾರ್ಥಿಗಳು ಬಳಸುವ ಚಲಿಸುವ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆವು. ರಂಧ್ರದ ಒಳಮೈಗೆಲ್ಲ ಕಂದು ಬಣ್ಣದ ಗೋಂದು ಅಂಟಿತ್ತು. ತೆರೆದಿದ್ದ ಭಾಗದ ವ್ಯಾಸ ೧.೦ ಮಿಲಿಮೀಟರು, ತೊಳೆದ ಮೇಲೆ ೧.೨. ಅಂದರೆ ಗೋಂದಿನ ದಪ್ಪ ೦.೧ ಮಿಲಿಮೀಟರು: ನೋಟುಪುಸ್ತಕದ ಒಂದು ಹಾಳೆಯಷ್ಟು.

ಇಷ್ಟರಿಂದ ಎಂಜಿನು ನಿಲ್ಲುವುದೆ? ಲೆಕ್ಕ ಹಾಕೋಣ. ರಂಧ್ರದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣವಾದುದು. ವ್ಯಾಸ ೧.೨ರಿಂದ ೧.೦ಕ್ಕೆ ಇಳಿದರೆ ವಿಸ್ತೀರ್ಣ ೧.೪೪ರಿಂದ ೧.೦೦ಕ್ಕೆ ಇಳಿಯುತ್ತದೆ, ಹರಿಯುವ ಪೆಟ್ರೋಲು ಸುಮಾರು ಶೇಕಡ ೩೦ರಷ್ಟು ಕಡಿಮೆಯಾಗುತ್ತದೆ. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ೧೪.೭ ಗ್ರಾಂ ಗಾಳಿ ಬೇಕು. ಪೆಟ್ರೋಲು ಮಾತ್ರ ಕುಗ್ಗಿ ಗಾಳಿ ಹಾಗೆಯೇ ಇದ್ದರೆ ಈ ಪ್ರಮಾಣ ಒಂದಕ್ಕೆ ೨೧ ಆಗುತ್ತದೆ. ಇಷ್ಟು ತೆಳುವಾದ ಮಿಶ್ರಣಕ್ಕೆ ಹಳೆಯ ಎಂಜಿನಿನ ಕಿಡಿ ಸರಿಯಾಗಿ ಬೆಂಕಿ ತಗುಲಿಸಲಾರದು. ಹೀಗೆ, ಒಂದು ಹಾಳೆಯಷ್ಟು ದಪ್ಪದ ಗೋಂದು ಟನ್ನು ತೂಕದ ವಾಹನವನ್ನು ಕದಲದಂತೆ ನಿಲ್ಲಿಸುತ್ತದೆ.

ಮೇಲಿನಿಂದ ಕೆಳಕ್ಕೆ

ಶುದ್ಧಿಯ ಕ್ರಮಕ್ಕೆ ಒಂದೇ ಸೂತ್ರ: ಪೆಟ್ರೋಲು ಹರಿಯುವ ದಿಕ್ಕಿನಲ್ಲಿಯೇ ನಾವೂ ಸಾಗಬೇಕು. ಮೊದಲು ಟ್ಯಾಂಕು, ಅನಂತರ ಕೊಳವೆ, ಫಿಲ್ಟರು, ಪಂಪು, ಕಡೆಗೆ ಕಾರ್ಬುರೇಟರು. ಎಲ್ಲ ಮುಗಿದ ಮೇಲೆ ಕೀಲಿ. ಟ್ಯಾಂಕನ್ನು ಹಾಗೆಯೇ ಬಿಟ್ಟು ಕಾರ್ಬುರೇಟರನ್ನು ತೊಳೆಯುವುದು, ಹೊಳೆಯ ಮೇಲ್ಗಡೆ ಎಮ್ಮೆಗಳು ಹೊರಳುತ್ತಿರುವಾಗ ಕೆಳಗಡೆ ಬಟ್ಟೆ ಒಗೆದಂತೆ. ಕೀಲಿಯನ್ನು ಮೊದಲೇ ತಿರುಗಿಸಿದ ನಾವು ಇನ್ನೂ ಕೆಟ್ಟದ್ದನ್ನು ಮಾಡಿದ್ದೆವು. ಟ್ಯಾಂಕಿನ ತಳದಲ್ಲಿ ಮಲಗಿದ್ದ ತುಕ್ಕನ್ನೂ ನೀರನ್ನೂ ಪಂಪಿನಿಂದ ಎಳೆದು ಹಾದಿಯುದ್ದಕ್ಕೂ ಹರಡಿಬಿಟ್ಟಿದ್ದೆವು.

ಹಳೆಯ ಪೆಟ್ರೋಲನ್ನು ಟ್ಯಾಂಕಿನ ತಳದ ಬಿರಡೆಯನ್ನು ಬಿಚ್ಚಿಯೋ ಕೈಪಂಪಿನಿಂದಲೋ ಲೋಹದ ಡಬ್ಬಿಗೆ ಇಳಿಸಬೇಕು. ಕೊಳವೆಯನ್ನು ಬಾಯಲ್ಲಿಟ್ಟು ಹೀರುವ ರೂಢಿ ನಮ್ಮಲ್ಲಿದೆ. ಇದನ್ನು ಖಂಡಿತವಾಗಿ ಮಾಡಬಾರದು. ಶ್ವಾಸಕೋಶಕ್ಕೆ ಇಳಿದ ಪೆಟ್ರೋಲು ಸ್ವಲ್ಪವಾದರೂ ಪ್ರಾಣಾಂತಿಕವಾದ ಉರಿಯೂತವನ್ನುಂಟುಮಾಡಬಲ್ಲದು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಾಲು ಭಾರ. ಅದು ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದುದರಿಂದ ಈ ಕೆಲಸವನ್ನು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಮಾಡಬೇಕು. ಗುಂಡಿಯೊಳಗಾಗಲಿ ಮುಚ್ಚಿದ ಕೋಣೆಯಲ್ಲಾಗಲಿ ಕೂಡದು. ಚರಂಡಿಗೆ ಸುರಿಯುವುದಂತೂ ಸಲ್ಲದು. ನಾವು ಇಳಿಸಿದ ಪೆಟ್ರೋಲಿಗೆ ಚಹದ ಕಷಾಯದ ಬಣ್ಣವಿತ್ತು.

ಬರಿದಾದ ಟ್ಯಾಂಕಿನ ಅಪಾಯ

ಟ್ಯಾಂಕನ್ನು ಇಳಿಸಿ ನೋಡಿದಾಗ ತಳದಲ್ಲಿ ಸೂಜಿಮೊನೆಯಷ್ಟು ತೂತು ಕಂಡಿತು. ಬೆಸುಗೆ ಹಾಕಲು ಬಂದಾತ ಗ್ಯಾಸಿನ ಉರಿಯನ್ನು ಹೊತ್ತಿಸಲು ಕಡ್ಡಿಪೆಟ್ಟಿಗೆಯನ್ನು ಕೈಗೆತ್ತಿಕೊಂಡ. ನಾವು ತಡೆದಾಗ, "ಪೆಟ್ರೋಲೆಲ್ಲ ಖಾಲಿ ಮಾಡಿ ಆಗಿದೆಯಲ್ಲ ಮೇಷ್ಟ್ರೇ, ಇನ್ನೇನು ಭಯ?" ಎಂದ. ಮಿತ್ರರೂ ಅವನ ಮಾತಿಗೆ ತಲೆದೂಗಿದರು. ಬ್ಯಾಟರಿ ಬಂದಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ನಾವು ಅವರಿಬ್ಬರಿಗೂ ಲೆಕ್ಕ ಬರೆದು ತೋರಿಸಬೇಕಾಯಿತು.

ಗಾಳಿಯಲ್ಲಿ ಪೆಟ್ರೋಲಿನ ಆವಿ ಶೇಕಡ ೧.೪ಕ್ಕಿಂತ ಕಡಿಮೆಯಿದ್ದರೆ ಹೊತ್ತಿಕೊಳ್ಳದು, ೭.೬ಕ್ಕಿಂತ ಹೆಚ್ಚಾದರೂ ಆಮ್ಲಜನಕ ಸಾಲದೆ ಹೊತ್ತಿಕೊಳ್ಳದು. ಇವೆರಡರ ನಡುವೆ ಕಿಡಿ ತಗುಲಿದರೆ ಸ್ಫೋಟ. ಪೆಟ್ರೋಲು ತುಂಬಿರುವ ಟ್ಯಾಂಕಿನೊಳಗೆ, ನಮ್ಮ ಹವೆಯಲ್ಲಿ, ಆವಿ ಸಾಮಾನ್ಯವಾಗಿ ಮೇಲಿನ ಮಿತಿಯನ್ನು ದಾಟಿರುತ್ತದೆ. ಬರಿದುಮಾಡಿದಾಗ ಹೊರಗಿನ ಗಾಳಿ ಒಳನುಗ್ಗಿ, ಮಿಶ್ರಣ ಈ ಅಪಾಯದ ವಲಯಕ್ಕೆ ಬರುತ್ತದೆ. ೪೦ ಲೀಟರಿನ ಟ್ಯಾಂಕಿನಲ್ಲಿ ಶೇಕಡ ೧.೪ ಎಂದರೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚಿನ ಆವಿ. ಅದರ ತೂಕ ಎರಡು ಗ್ರಾಮಿಗಿಂತ ತುಸು ಹೆಚ್ಚು. ದ್ರವರೂಪದಲ್ಲಿ ಸುಮಾರು ೩ ಮಿಲಿಲೀಟರು. ಔಷಧದ ಚಮಚ ೫ ಮಿಲಿಲೀಟರಿನದು. ಮುಕ್ಕಾಲು ಚಮಚವೂ ಇಲ್ಲದ ಪೆಟ್ರೋಲು ಟ್ಯಾಂಕಿನ ಮೂಲೆಗಳಲ್ಲಿ, ತುಕ್ಕಿನ ಪದರಗಳೊಳಗೆ ಅವಿತಿರಲಾರದೆ? ಬೆಸುಗೆಯವನು ಪೆಟ್ಟಿಗೆಯನ್ನು ಒಮ್ಮೆ, ಟ್ಯಾಂಕನ್ನು ಒಮ್ಮೆ ನೋಡಿ, ಕಡ್ಡಿಪೆಟ್ಟಿಗೆಯನ್ನು ಜೇಬಿಗೆ ಹಾಕಿಕೊಂಡ. ಮಿತ್ರರು ಬಹಳ ಹೊತ್ತು ಮಾತಾಡಲಿಲ್ಲ. ಆ ತೂತಿನ ಕೆಲಸವನ್ನು, ಟ್ಯಾಂಕನ್ನು ತೊಳೆದು ಆವಿಯನ್ನು ಪೂರ್ತಿಯಾಗಿ ಹೊರಡಿಸುವ ಏರ್ಪಾಡುಳ್ಳ ಕಾರ್ಖಾನೆಯೊಂದಕ್ಕೆ ಒಪ್ಪಿಸಿದೆವು.

ತುಕ್ಕು ಮತ್ತು ಗೋಂದು

ತುಕ್ಕನ್ನು ತೆಗೆಯುವ ಉಪಾಯ ನಮ್ಮ ಅಡುಗೆಮನೆಗಳಿಗೆ ಅಪರಿಚಿತವಲ್ಲ. ಕಿಲುಬು ಹಿಡಿದ ಪಾತ್ರೆಯನ್ನು ಹುಣಿಸೆಹಣ್ಣಿನಿಂದ ಉಜ್ಜುವುದು ಏಕೆ? ಲೋಹದ ಆಕ್ಸೈಡುಗಳು ಆಮ್ಲದಲ್ಲಿ ಕರಗುತ್ತವೆ. ಸಾಬೂನಿನ ನೀರಿನಿಂದ ಹಲವು ಬಾರಿ ತೊಳೆದ ಟ್ಯಾಂಕಿಗೆ, ನೂರು ಭಾಗ ನೀರಿಗೆ ಐದರಿಂದ ಹತ್ತು ಭಾಗ ಸಿಟ್ರಿಕ್ ಆಮ್ಲ ಬೆರೆಸಿ ತುಂಬಿ ಒಂದು ರಾತ್ರಿ ಬಿಟ್ಟರೆ ತುಕ್ಕು ಸಡಿಲವಾಗುತ್ತದೆ. ಒಳಗೆ ಹಿಡಿಯಷ್ಟು ಕಬ್ಬಿಣದ ನಟ್ಟುಗಳನ್ನು ಹಾಕಿ ಅಲುಗಿಸಿದರೆ ಹೆಪ್ಪುಗಟ್ಟಿದ ಭಾಗಗಳೂ ಉದುರುತ್ತವೆ. ಆಮ್ಲ ಕಬ್ಬಿಣವನ್ನೂ ಸ್ವಲ್ಪ ತಿಂದು ಜಲಜನಕವನ್ನು ಬಿಡುಗಡೆಮಾಡುವುದರಿಂದ ಮುಚ್ಚಳ ತೆರೆದಿರಬೇಕು, ಬೆಂಕಿ ಹತ್ತಿರ ಸುಳಿಯಬಾರದು. ಬಳಿಕ ವಾಷಿಂಗ್ ಸೋಡದ ನೀರಿನಿಂದ ಆಮ್ಲವನ್ನು ಕಳೆದು, ಶುದ್ಧ ನೀರಿನಿಂದ ತೊಳೆದು, ತಡಮಾಡದೆ ಒಣಗಿಸಬೇಕು. ಬೆತ್ತಲೆಯಾದ ಕಬ್ಬಿಣ ಕೆಲವೇ ಗಂಟೆಗಳಲ್ಲಿ ಮತ್ತೆ ತುಕ್ಕು ಹಿಡಿಯುತ್ತದೆ.

ಮುಂದಿನ ಕೆಲಸ ಸುಲಭ. ಲೋಹದ ಕೊಳವೆಯನ್ನು ಎರಡು ತುದಿಗಳಲ್ಲಿಯೂ ಬಿಚ್ಚಿ, ಒತ್ತಿದ ಗಾಳಿಯನ್ನು ಊದಿ ಶುದ್ಧಮಾಡಬಹುದು. ಫಿಲ್ಟರು, ರಬ್ಬರಿನ ಕೊಳವೆಗಳು, ಪಂಪಿನ ಪೊರೆ ಇವುಗಳನ್ನು ಬದಲಿಸುವುದೇ ಲೇಸು. ಹಳೆಯ ಬಗೆಯ ರಬ್ಬರನ್ನು ಎಥನಾಲ್ ಕೆಡಿಸುತ್ತದೆ. ಕಾರ್ಬುರೇಟರನ್ನು ಬಿಚ್ಚಿ, ಅದಕ್ಕೆಂದೇ ಮಾರುವ ದ್ರಾವಕದಿಂದ ಗೋಂದನ್ನು ಕರಗಿಸಬೇಕು. ಗಟ್ಟಿಯಾದ ಗೋಂದು ಪೆಟ್ರೋಲಿನಲ್ಲಿ ಸರಿಯಾಗಿ ಕರಗುವುದಿಲ್ಲ. ಜೆಟ್ಟಿನೊಳಗೆ ಉಕ್ಕಿನ ತಂತಿಯನ್ನು ಎಂದಿಗೂ ತೂರಿಸಬಾರದು. ಹಿತ್ತಾಳೆ ಮೆದು, ಸವೆದು ವ್ಯಾಸ ೧.೨ರಿಂದ ೧.೩ ಮಿಲಿಮೀಟರಿಗೆ ಏರಿದರೆ ಅದೇ ವರ್ಗನಿಯಮದಂತೆ ಪೆಟ್ರೋಲು ಶೇಕಡ ೧೭ರಷ್ಟು ಹೆಚ್ಚು ಹರಿದು ಸದಾ ಪೋಲಾಗುತ್ತದೆ.

ಈಗಿನ ಕಾರುಗಳಲ್ಲಿ ಕಾರ್ಬುರೇಟರು ಇಲ್ಲ. ಟ್ಯಾಂಕಿನೊಳಗಿನ ವಿದ್ಯುತ್ ಪಂಪು ವಾಯುಭಾರದ ಸುಮಾರು ಮೂರು ಪಾಲಿನಷ್ಟೋ ಅದಕ್ಕಿಂತ ಹೆಚ್ಚೋ ಒತ್ತಡದಲ್ಲಿ ಪೆಟ್ರೋಲನ್ನು ಇಂಜೆಕ್ಟರುಗಳಿಗೆ ಕಳಿಸುತ್ತದೆ. ಅವುಗಳ ರಂಧ್ರಗಳು ಜೆಟ್ಟಿಗಿಂತ ಬಹಳ ಸಣ್ಣವು. ಇನ್ನೂ ತೆಳುವಾದ ಗೋಂದೂ ಅವನ್ನು ಕಟ್ಟಬಲ್ಲದು. ಅವನ್ನು ದ್ರವದಲ್ಲಿ ಮುಳುಗಿಸಿ ಶ್ರವಣಾತೀತ ಕಂಪನಗಳಿಂದ ಶುದ್ಧಮಾಡುತ್ತಾರೆ. ಒತ್ತಡವನ್ನು ಇಳಿಸದೆ ಕೊಳವೆ ಬಿಚ್ಚಿದರೆ ಪೆಟ್ರೋಲು ಸಿಡಿಯುವುದರಿಂದ ಈ ಕೆಲಸವನ್ನು ಬಲ್ಲವರಿಗೇ ಬಿಡಬೇಕು. ಹಾದಿಯ ಸೂತ್ರ ಮಾತ್ರ ಇಲ್ಲಿಯೂ ಒಂದೇ.

ಮಿತ್ರರ ಕಾರು ಹನ್ನೆರಡನೆಯ ದಿನ ಓಡಿತು. ಮೊದಲ ಸಲ ಅದನ್ನು ಊರ ಹೊರಗಿನ ತೋಟದವರೆಗೆ ಓಡಿಸಿದವರು ಮಿತ್ರರ ತಾಯಿಯವರನ್ನು ಕೂರಿಸಿಕೊಂಡ ಮಿತ್ರರೇ. ಹದಿನೈದು ದಿನಗಳ ಮೇಲೆ ಫಿಲ್ಟರನ್ನು ಬಿಚ್ಚಿದಾಗ ಕೆಂಪು ಕಣಗಳು ಮತ್ತೆ ಕಂಡವು. ತುಕ್ಕು ಒಂದೇ ಸಲಕ್ಕೆ ಬಿಟ್ಟುಹೋಗುವುದಿಲ್ಲ. ಮೊದಲ ಕೆಲವು ನೂರು ಕಿಲೋಮೀಟರುಗಳ ಅನಂತರ ಫಿಲ್ಟರನ್ನು ಇನ್ನೊಮ್ಮೆ ಬದಲಿಸಬೇಕು. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಬೇಕಾಗಿ ಬಂದವರು ಟ್ಯಾಂಕಿನ ಪೆಟ್ರೋಲನ್ನು ಮೊದಲೇ ಇಳಿಸಿ, ಕಾರ್ಬುರೇಟರಿನಲ್ಲಿರುವುದು ಮುಗಿಯುವವರೆಗೆ ಎಂಜಿನನ್ನು ಓಡಿಸಿ ಬಿಟ್ಟರೆ ಇಷ್ಟೆಲ್ಲ ಶ್ರಮ ತಪ್ಪುತ್ತದೆ.

ಮಿತ್ರರು ಹೊಸ ಜೆಟ್ಟನ್ನು ಹಾಕಿಸಿಕೊಂಡು ಹಳೆಯದನ್ನು ನಮಗೆ ಕೊಟ್ಟರು. ಅದು ಈಗ ನಮ್ಮ ಪ್ರಯೋಗಶಾಲೆಯಲ್ಲಿ ಸೂಕ್ಷ್ಮದರ್ಶಕದ ಪಕ್ಕದಲ್ಲಿದೆ. ವಿದ್ಯಾರ್ಥಿಗಳು ಅದರ ವ್ಯಾಸವನ್ನು ಅಳೆದು, ವರ್ಗಮಾಡಿ, ಒಂದು ಹಾಳೆಯ ದಪ್ಪದ ಬೆಲೆಯೆಷ್ಟೆಂಬುದನ್ನು ತಾವೇ ಲೆಕ್ಕ ಹಾಕುತ್ತಾರೆ.