ಸಂಜೆಯಾದರೆ ಊರು ಯಾಕೆ ಕಾಡುತ್ತದೆ?

ಹಾಸನದಿಂದ ಬಂದು ಕೆಂಗೇರಿಯ ಹಾಸ್ಟೆಲ್ ಸೇರಿದ್ದೇನೆ. ಹಗಲೆಲ್ಲ ಚೆನ್ನಾಗಿರುತ್ತೇನೆ, ಸಂಜೆ ಮನೆಯ ನೆನಪು ಹಿಂಡುತ್ತದೆ. ಯಾಕೆ?

ನಮ್ಮ ಮೆದುಳು ಮುಂದೇನು ಎಂದು ಸದಾ ಊಹಿಸುತ್ತಿರುತ್ತದೆ. ಆರು ಗಂಟೆಗೆ ಕಾಫಿ, ಅಮ್ಮನ ಕೂಗು, ಪಕ್ಕದ ಮನೆಯ ಟಿವಿ ಸದ್ದು: ಎಲ್ಲವೂ ವರ್ಷಗಳ ರೂಢಿ. ಹಾಸ್ಟೆಲ್‌ನಲ್ಲಿ ಆ ಹೊತ್ತಿಗೆ ಅದ್ಯಾವುದೂ ಇಲ್ಲ. ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟಂತೆ ಮನಸ್ಸು ಮುಗ್ಗರಿಸುತ್ತದೆ. ಹಗಲು ತರಗತಿ, ಗೆಳತಿಯರ ಗದ್ದಲದಲ್ಲಿ ಇದು ಗಮನಕ್ಕೇ ಬರುವುದಿಲ್ಲ. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯವಿದ್ಯಾರ್ಥಿ ಮನೆಯ ಈ ಹಂಬಲವನ್ನು ಕಾಯಿಲೆಯೆಂದೇ ಕರೆದು ಪ್ರಬಂಧ ಬರೆದಿದ್ದ. ಕಾಯಿಲೆಯೇನಲ್ಲ ಬಿಡಿ. ಆ ಹೊತ್ತಿಗೆ ಹೊಸ ರೂಢಿಯೊಂದು ಬೇಕು, ಅಷ್ಟೆ: ನೇರಳೆ ಮಾರ್ಗದ ಮೆಟ್ರೊ ಹತ್ತಿ ವಿಜಯನಗರದಲ್ಲಿಳಿದು ಹಂಪಿನಗರದ ಗ್ರಂಥಾಲಯಕ್ಕೆ ಹೋಗಿಬನ್ನಿ. ಮನೆಗೆ ಫೋನ್ ಊಟವಾದ ಮೇಲೆ. ವಾರಗಟ್ಟಲೆ ನಿದ್ದೆ, ಊಟ ಕೆಟ್ಟರೆ ಮಾತ್ರ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.